ವಿದೇಶ ವ್ಯಾಸಂಗ: ಅರ್ಜಿ ಹಾಕಿದ ಮೇಲೆ



ಸಾಮಾನ್ಯವಾಗಿ ನಾನು ಕ್ಯಾಮೆರಾದ ಹಿಂದೆ ಇರುವವನು. ಇಂದು ಮುಂದೆ ಬಂದು ಕುಳಿತಿರುವುದಕ್ಕೆ ಒಂದು ಫೋನ್ ಕರೆ ಕಾರಣ. ಹಿಂದೊಮ್ಮೆ ಉನ್ನತ ವ್ಯಾಸಂಗವನ್ನು ಕುರಿತ ನಮ್ಮ ನೇರ ಪ್ರಸಾರದ ಫೋನ್-ಇನ್ ಕಾರ್ಯಕ್ರಮಕ್ಕೆ ಹಾಸನ ಜಿಲ್ಲೆಯಿಂದ ತಂದೆಯೊಬ್ಬರು ಕರೆ ಮಾಡಿದ್ದರು. "ಸಾರ್, ಮಗಳು ಜರ್ಮನಿಗೆ ಎಂ.ಎಸ್ಸಿ. ಓದೋದಕ್ಕೆ ಅರ್ಜಿ ಹಾಕಿದ್ದಳು. ಸೀಟು ಸಿಕ್ಕಿದೆ ಅಂತ ಕಾಗದ ಬಂದಿದೆ. ನನ್ನ ಪ್ರಶ್ನೆ ಇಷ್ಟೇ. ತೋಟ ಈಗಲೇ ಅಡ ಇಡಬೇಕೋ, ವೀಸಾ ಬಂದ ಮೇಲೆ ಇಟ್ಟರೆ ಆಗುತ್ತೋ?"

ಅಲ್ಲಿಯವರೆಗೆ ಬಂದ ಕರೆಗಳೆಲ್ಲ ಯಾವ ದೇಶ ಒಳ್ಳೆಯದು, ಯಾವ ವಿಶ್ವವಿದ್ಯಾಲಯಕ್ಕೆ ಎಷ್ಟನೇ ಸ್ಥಾನ ಎಂಬಂಥವು. ಈ ಪ್ರಶ್ನೆ ಬರುವ ಹೊತ್ತಿಗೆ ನಮಗೆ ಉಳಿದಿದ್ದದ್ದು ನಲವತ್ತು ಸೆಕೆಂಡು. ತಜ್ಞರು "ಶುಭವಾಗಲಿ, ಬ್ಯಾಂಕಿನಲ್ಲಿ ವಿಚಾರಿಸಿ" ಎಂದರು, ಕಾರ್ಯಕ್ರಮ ಮುಗಿಯಿತು. ಮುಗಿಸುವಂತೆ ಗಾಜಿನ ಈಚೆಯಿಂದ ಸಂಜ್ಞೆ ಕೊಟ್ಟವನು ನಾನೇ. ಆ ದಿನದ ಕರೆಗಳ ಪಟ್ಟಿಯಲ್ಲಿ ಅವರ ಸಂಖ್ಯೆಯನ್ನು ಯಾರೂ ಬರೆದುಕೊಂಡಿರಲಿಲ್ಲ. ಅಂದು ಕೊಡಲಾಗದ ಉತ್ತರವನ್ನು ಇಂದು ಸಾವಕಾಶವಾಗಿ ಕೊಡುವ ಪ್ರಯತ್ನ ಇದು. ಅವರು ಕೇಳಿದ್ದು ಜರ್ಮನಿಯ ವಿಷಯವಾದ್ದರಿಂದ ಆ ದೇಶವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಬೇರೆ ದೇಶಗಳಲ್ಲಿ ಕಾಗದಪತ್ರಗಳ ಹೆಸರು, ಮೊತ್ತಗಳು ಬೇರೆ ಇರುತ್ತವೆ.

ಮೊದಲು ನನ್ನ ಸ್ವಂತದ ಒಂದು ಸಂಗತಿ ಹೇಳಿಬಿಡುತ್ತೇನೆ. 2001ರಲ್ಲಿ ನಾನು ಬಿ.ಎಸ್ಸಿ. ಮುಗಿಸಿದ ವರ್ಷ ವಿದೇಶದ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ್ದೆ. ನಮ್ಮದು ಸಾಗರದ ಕಡೆಯ ಹಳ್ಳಿ. ಅಂಚೆಯಣ್ಣ ತಂದುಕೊಟ್ಟ ದಪ್ಪ ಲಕೋಟೆಯಲ್ಲಿ ಎರಡು ಹಾಳೆಗಳಿದ್ದವು. ಮೊದಲ ಹಾಳೆಯಲ್ಲಿ ಅಭಿನಂದನೆ. ಅಮ್ಮ ಅದನ್ನು ದೇವರ ಮುಂದಿಟ್ಟು ನಮಸ್ಕಾರ ಮಾಡಿದರು, ಕೇರಿಗೆಲ್ಲ ಸಿಹಿ ಹಂಚಿದರು. ಅಪ್ಪ ಪರಿಚಯದವರೊಬ್ಬರಿಂದ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಒಂದು ಲಕ್ಷ ತಂದರು. ಸೂಟ್‌ಕೇಸೂ ಬಂತು. ಎರಡನೆಯ ಹಾಳೆಯನ್ನು ನಾನು ಸರಿಯಾಗಿ ಓದಲೇ ಇಲ್ಲ. ಇಂಥ ತಾರೀಖಿನೊಳಗೆ ಒಪ್ಪಿಗೆಯ ನಮೂನೆಗೆ ಸಹಿ ಹಾಕಿ ಕಳಿಸಬೇಕು, ತಪ್ಪಿದರೆ ಸ್ಥಾನ ಬೇರೆಯವರಿಗೆ ಹೋಗುತ್ತದೆ ಎಂದು ಅದರಲ್ಲಿತ್ತು. ಗೊತ್ತಾಗುವಷ್ಟರಲ್ಲಿ ಮೂರು ವಾರ ಕಳೆದಿತ್ತು. ತಪ್ಪು ಸಂಪೂರ್ಣ ನನ್ನದೇ. ಆ ಒಂದು ಲಕ್ಷದಲ್ಲಿ ಖರ್ಚಾಗದೆ ಉಳಿದದ್ದನ್ನು ಹಿಂದಿರುಗಿಸಿದರೂ, ಉಳಿದ ಅಸಲು ಬಡ್ಡಿ ತೀರಿಸಲು ಅಪ್ಪನಿಗೆ ಎರಡು ವರ್ಷ ಹಿಡಿಯಿತು. ಆ ಸೂಟ್‌ಕೇಸು ಈಗಲೂ ಊರಿನ ಅಟ್ಟದ ಮೇಲಿದೆ. ಅದರಲ್ಲಿ ಹಳೆಯ ಕಂಬಳಿಗಳಿವೆ.

ಹೈಸ್ಕೂಲಿನ ವಿಜ್ಞಾನ ಪಾಠದಲ್ಲಿ ಎರಡು ಬಗೆಯ ಬದಲಾವಣೆಗಳನ್ನು ನೀವು ಓದಿದ್ದೀರಿ. ಮಂಜುಗಡ್ಡೆ ಕರಗಿ ನೀರಾದರೆ ಅದನ್ನು ಮತ್ತೆ ಗಡ್ಡೆ ಮಾಡಬಹುದು. ಹಾಲು ಒಡೆದರೆ ಒಡೆದೇ ಹೋಯಿತು. ವಿದೇಶ ವ್ಯಾಸಂಗಕ್ಕೆ ಅರ್ಜಿ ಹಾಕಿದ ದಿನದಿಂದ ವಿಮಾನ ಹತ್ತುವ ದಿನದವರೆಗೆ ನೀವು ಇಡುವ ಪ್ರತಿ ಹೆಜ್ಜೆಯನ್ನೂ ಹೀಗೆ ವಿಂಗಡಿಸಿ ನೋಡಬೇಕು. ಈ ಹಣ, ಈ ಸಹಿ, ಈ ತಾರೀಖು ಹಿಂದಕ್ಕೆ ಬರುತ್ತದೆಯೇ, ಇಲ್ಲವೇ? ಹಾಸನದ ಆ ತಂದೆ ಕೇಳಿದ್ದೂ ವಾಸ್ತವವಾಗಿ ಇದನ್ನೇ.

ಈಗ ಅರ್ಜಿ ಹಾಕಿ ಕಾಯುತ್ತಿರುವ ಸ್ಥಿತಿಯಿಂದ ಆರಂಭಿಸೋಣ. ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರಿನಲ್ಲಿ ಆರಂಭವಾಗುತ್ತದೆ, ಬೇಸಿಗೆಯದು ಏಪ್ರಿಲಿನಲ್ಲಿ. ಚಳಿಗಾಲದ ಸೆಮಿಸ್ಟರಿಗೆ ಅನೇಕ ಕಡೆ ಜುಲೈ 15 ಕೊನೆಯ ದಿನ. ಇಂಗ್ಲಿಷ್ ಮಾಧ್ಯಮದ ಸ್ನಾತಕೋತ್ತರ ಕೋರ್ಸುಗಳಲ್ಲಿ ಇನ್ನೂ ಬೇಗ ಮುಗಿಯುವುದುಂಟು. ಉತ್ತರ ಕೆಲವರಿಗೆ ಏಪ್ರಿಲಿನಲ್ಲಿ ಬರುತ್ತದೆ, ಕೆಲವರಿಗೆ ಆಗಸ್ಟಿನಲ್ಲಿ. ಆಗಸ್ಟಿನಲ್ಲಿ ಬಂದವನಿಗೆ ಅಕ್ಟೋಬರಿಗೆ ಉಳಿಯುವುದು ಆರೆಂಟು ವಾರ. ವೀಸಾ ಒಂದಕ್ಕೇ ಕೆಲವು ವಾರಗಳಿಂದ ಮೂರು ತಿಂಗಳವರೆಗೂ ಹಿಡಿಯಬಹುದು. ಆದ್ದರಿಂದ ಕಾಗದ ಬರುವವರೆಗೆ ಕೈಕಟ್ಟಿ ಕೂರುವಂತಿಲ್ಲ. ಹಾಗೆಂದು ಕಾಗದ ಬರುವ ಮುನ್ನ ಹಣ ಚೆಲ್ಲುವಂತೆಯೂ ಇಲ್ಲ. ಈ ಅವಧಿಯಲ್ಲಿ ಮಾಡಬೇಕಾದದ್ದು ದಾಖಲೆಗಳ ಕೆಲಸ.

ಅದರಲ್ಲಿ ನಮ್ಮ ಕಡೆಯವರಿಗೆ ಮೊದಲು ಎದುರಾಗುವುದು ಹೆಸರಿನ ತೊಡಕು. ನಮ್ಮಲ್ಲಿ ಬಹಳ ಮಂದಿಗೆ ಮನೆತನದ ಹೆಸರು ಎಂಬುದಿಲ್ಲ. ಊರಿನ ಹೆಸರಿನ ಮೊದಲ ಅಕ್ಷರ, ತಂದೆಯ ಹೆಸರಿನ ಮೊದಲ ಅಕ್ಷರ, ಆಮೇಲೆ ನಮ್ಮ ಹೆಸರು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ ಇರುತ್ತದೆ, ಪದವಿ ಪ್ರಮಾಣಪತ್ರದಲ್ಲಿ ಮುಂದೆ. ಪಾಸ್‌ಪೋರ್ಟಿನಲ್ಲಿ ಅವೇ ಎರಡು ಅಕ್ಷರಗಳು ಬಿಡಿಸಿಕೊಂಡು ಎರಡು ಉದ್ದನೆಯ ಪದಗಳಾಗಿ, ಊರಿನ ಹೆಸರೇ ನಿಮ್ಮ ಕುಲನಾಮವಾಗಿ ಕುಳಿತಿರುತ್ತದೆ. ಕೆಲವರ ಪಾಸ್‌ಪೋರ್ಟಿನಲ್ಲಿ ಕುಲನಾಮದ ಅಂಕಣ ಖಾಲಿ. ಅದನ್ನು ಒಂದೊಂದು ಕಚೇರಿ ಒಂದೊಂದು ರೀತಿ ತುಂಬಿಕೊಳ್ಳುತ್ತದೆ. ಇನ್ನು ಲಕ್ಷ್ಮಿ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಎಷ್ಟು ಬಗೆಯಲ್ಲಿ ಬರೆಯಬಹುದೆಂದು ನೀವೇ ಎಣಿಸಿ ನೋಡಿ. ನಮಗೆ ಇದೆಲ್ಲ ಒಬ್ಬರೇ ಎಂದು ಗೊತ್ತು. ಅಲ್ಲಿ ಕಡತ ನೋಡುವವರಿಗೆ ಇವರು ಇಬ್ಬರು ಬೇರೆ ಬೇರೆ ವ್ಯಕ್ತಿಗಳು.

ಇಂದೇ ಒಂದು ಕೆಲಸ ಮಾಡಿ. ಎಸ್.ಎಸ್.ಎಲ್.ಸಿ., ಪಿ.ಯು.ಸಿ., ಪದವಿ, ಪಾಸ್‌ಪೋರ್ಟ್, ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಇವನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟು ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ. ಸಣ್ಣ ವ್ಯತ್ಯಾಸಕ್ಕೆ, ಇಬ್ಬರೂ ಒಬ್ಬರೇ ಎಂದು ನೋಟರಿಯ ಮುಂದೆ ಮಾಡಿಸಿದ ಅಫಿಡವಿಟ್ ಬಹುಮಟ್ಟಿಗೆ ಸಾಕಾಗುತ್ತದೆ. ಅಂಕಪಟ್ಟಿಯನ್ನೇ ತಿದ್ದಿಸಬೇಕಾದರೆ ತಿಂಗಳುಗಳು ಹಿಡಿಯುತ್ತವೆ; ಅದು ಕಾಗದ ಬಂದ ಮೇಲೆ ಆರಂಭಿಸುವ ಕೆಲಸವಲ್ಲ. ಹಾಗೆಯೇ ವಿಶ್ವವಿದ್ಯಾಲಯದಿಂದ ಎಲ್ಲ ಸೆಮಿಸ್ಟರುಗಳ ಅಂಕಗಳ ಟ್ರಾನ್ಸ್‌ಕ್ರಿಪ್ಟ್, ತಾತ್ಕಾಲಿಕ ಪದವಿ ಪ್ರಮಾಣಪತ್ರ ಇವನ್ನೂ ಈಗಲೇ ಪಡೆಯಿರಿ. ಘಟಿಕೋತ್ಸವ ಆಗುವವರೆಗೆ ಕಾಯಬೇಡಿ.

ಎರಡನೆಯದು ಎ.ಪಿ.ಎಸ್. ಪ್ರಮಾಣಪತ್ರ. ಇದು ನಿಮ್ಮ ಅಂಕಪಟ್ಟಿಗಳು ನೈಜವೇ, ನಿಮಗೆ ಜರ್ಮನಿಯಲ್ಲಿ ಓದುವ ಅರ್ಹತೆ ಇದೆಯೇ ಎಂದು ಪರಿಶೀಲಿಸಿ ಕೊಡುವ ಪತ್ರ. ದೆಹಲಿಯಲ್ಲಿರುವ ಶೈಕ್ಷಣಿಕ ಮೌಲ್ಯಮಾಪನ ಕೇಂದ್ರ ಇದನ್ನು ಕೊಡುತ್ತದೆ. 2022ರ ನವೆಂಬರ್ 1ರಿಂದ ಭಾರತೀಯ ವಿದ್ಯಾರ್ಥಿಗಳ ವೀಸಾ ಅರ್ಜಿಗೆ ಇದನ್ನು ಕಡ್ಡಾಯಗೊಳಿಸಲಾಯಿತು. ಎಷ್ಟೋ ವಿಶ್ವವಿದ್ಯಾಲಯಗಳು ಪ್ರವೇಶದ ಅರ್ಜಿಯ ಜೊತೆಯಲ್ಲೇ ಕೇಳುತ್ತವೆ. ಆಗ ಗೊತ್ತುಮಾಡಿದ ಶುಲ್ಕ ಹದಿನೆಂಟು ಸಾವಿರ ರೂಪಾಯಿ. ಈ ಹಣ ಹಿಂದಕ್ಕೆ ಬರುವುದಿಲ್ಲ, ಆದರೆ ವ್ಯರ್ಥವೂ ಅಲ್ಲ. ಈ ಸಲ ಸ್ಥಾನ ಸಿಗದೆ ಮುಂದಿನ ಸೆಮಿಸ್ಟರಿಗೆ ಬೇರೆ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದರೂ ಅದೇ ಪತ್ರ ನಡೆಯುತ್ತದೆ.

ಕಾಯುವ ತಿಂಗಳುಗಳಲ್ಲಿ ಸ್ವಲ್ಪ ಜರ್ಮನ್ ಕಲಿಯಿರಿ ಎಂದರೆ, "ನಮ್ಮ ಕೋರ್ಸು ಇಂಗ್ಲಿಷಿನಲ್ಲಿದೆ" ಎನ್ನುತ್ತೀರಿ. ಕೋರ್ಸು ಇಂಗ್ಲಿಷಿನಲ್ಲಿದೆ, ಬಾಡಿಗೆ ಕರಾರು ಜರ್ಮನ್ ಭಾಷೆಯಲ್ಲಿರುತ್ತದೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ತರಗತಿಗಳಿವೆ; ಮನೆಯಲ್ಲಿ ಕುಳಿತು ಕಲಿಯುವ ದಾರಿಗಳೂ ಇವೆ. ಫರ್ಡಿನೆಂಡ್ ಕಿಟೆಲ್ ಎಂಬ ಜರ್ಮನ್ ಪಾದ್ರಿ ನಮ್ಮ ನಾಡಿಗೆ ಬಂದು, ಕನ್ನಡ ಕಲಿತು, 1894ರಲ್ಲಿ ಅಷ್ಟು ದೊಡ್ಡ ಕನ್ನಡ-ಇಂಗ್ಲಿಷ್ ನಿಘಂಟನ್ನೇ ಕೊಟ್ಟರು. ನಿಮ್ಮಿಂದ ನಿಘಂಟು ಯಾರೂ ಕೇಳುತ್ತಿಲ್ಲ. ಅಂಗಡಿಯಲ್ಲಿ, ಕಚೇರಿಯಲ್ಲಿ ನಾಲ್ಕು ಮಾತು ಆಡುವಷ್ಟಾದರೆ ಸಾಕು.

ಈಗ ಕಾಗದ ಬಂತು ಎಂದುಕೊಳ್ಳೋಣ. ಈಗ ಅದು ಅಂಚೆಯಲ್ಲಿ ಬರುವುದು ಕಡಿಮೆ. ನಿಮ್ಮ ಇ-ಮೇಲಿಗೋ ವಿಶ್ವವಿದ್ಯಾಲಯದ ಪೋರ್ಟಲಿಗೋ ಬರುತ್ತದೆ. ಕಸದ ಪತ್ರಗಳ ಪೆಟ್ಟಿಗೆಯಲ್ಲಿ ಬಿದ್ದಿದ್ದರೂ ಬಿದ್ದಿರಬಹುದು, ದಿನವೂ ನೋಡುತ್ತಿರಿ. ಎರಡನೆಯ ಹಾಳೆಯನ್ನು ಮೊದಲು ಓದಿ. ಅದರಲ್ಲಿ ಹುಡುಕಬೇಕಾದದ್ದು ಒಪ್ಪಿಗೆ ಸೂಚಿಸಲು ಕೊನೆಯ ದಿನ, ನೋಂದಣಿಗೆ ಕೊನೆಯ ದಿನ, ಮತ್ತು ಷರತ್ತುಗಳು. ಷರತ್ತುಬದ್ಧ ಪ್ರವೇಶ ಎಂದಿದ್ದರೆ, ಅಂತಿಮ ಸೆಮಿಸ್ಟರಿನ ಅಂಕಪಟ್ಟಿಯೋ ಭಾಷಾ ಪರೀಕ್ಷೆಯ ಫಲಿತಾಂಶವೋ ಇಂಥ ದಿನದೊಳಗೆ ಬಂದರೆ ಮಾತ್ರ ಸ್ಥಾನ ಎಂದರ್ಥ. ಅದಿನ್ನೂ ಪೂರ್ತಿ ಸೀಟಲ್ಲ. ಮೂರು ಕಡೆ ಸ್ಥಾನ ಸಿಕ್ಕಿದ್ದರೆ ಒಂದನ್ನು ಒಪ್ಪಿ, ಉಳಿದೆರಡಕ್ಕೆ ಬರುವುದಿಲ್ಲವೆಂದು ತಿಳಿಸಿ. ನಿಮ್ಮಂತೆಯೇ ಕಾಯುತ್ತಿರುವ ಯಾರಿಗೋ ಅದು ಸಿಗುತ್ತದೆ.

ಶುಲ್ಕದ ವಿಷಯ ಇಲ್ಲೇ ನೋಡಿಕೊಳ್ಳಬೇಕು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂಬ ಮಾತು ಬಹುಪಾಲು ನಿಜ, ಪೂರ್ತಿ ನಿಜವಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ 2017ರ ಚಳಿಗಾಲದಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ಬಂತು. ಕಿಟೆಲ್ ತಮ್ಮ ಕೊನೆಯ ದಿನಗಳನ್ನು ಕಳೆದ ಟ್ಯೂಬಿಂಗೆನ್ ಇರುವುದು ಇದೇ ರಾಜ್ಯದಲ್ಲಿ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದಿಂದ ಹೊಸದಾಗಿ ಸೇರುವ ಇಂಥ ವಿದ್ಯಾರ್ಥಿಗಳಿಗೆ ಶುಲ್ಕ ಹಾಕಿತು. ಉಳಿದೆಡೆ ಸೆಮಿಸ್ಟರ್ ವಂತಿಗೆ ಎಂದು ಕೆಲವು ನೂರು ಯೂರೋ ಇರುತ್ತದೆ. ಅನೇಕ ಕಡೆ ಅದರಲ್ಲೇ ಬಸ್ಸು ರೈಲಿನ ಪಾಸು ಸೇರಿರುತ್ತದೆ.

ಖಾಸಗಿ ಸಂಸ್ಥೆಗಳ ಕಥೆಯೇ ಬೇರೆ. ಅಲ್ಲಿ ಪ್ರವೇಶಪತ್ರ ಬೇಗ ಬರುತ್ತದೆ, ಅದರ ಬೆನ್ನಿಗೇ ಮುಂಗಡ ಕಟ್ಟಿ ಎಂಬ ಪತ್ರವೂ ಬರುತ್ತದೆ. ನಮ್ಮ ಊರುಗಳ ಬಸ್ ನಿಲ್ದಾಣದ ಎದುರು ಬಾವುಟ ಕಟ್ಟಿಕೊಂಡ ಸಲಹಾ ಕೇಂದ್ರಗಳವರು ಇಂಥ ಸಂಸ್ಥೆಗಳನ್ನೇ ಹೊಗಳುವುದಕ್ಕೆ ಕಾರಣ ಕಮಿಷನ್. ಎಲ್ಲ ಖಾಸಗಿ ಸಂಸ್ಥೆಗಳೂ ಕೆಟ್ಟವೆಂದು ನಾನು ಹೇಳುವುದಿಲ್ಲ, ಎಲ್ಲ ಸಲಹೆಗಾರರೂ ಮೋಸಗಾರರೆಂದೂ ಅಲ್ಲ. ಆದರೆ ಮುಂಗಡ ಕಟ್ಟುವ ಮುನ್ನ, ವೀಸಾ ಸಿಗದಿದ್ದರೆ ಈ ಹಣದಲ್ಲಿ ಎಷ್ಟು, ಎಷ್ಟು ದಿನದಲ್ಲಿ ಹಿಂದಕ್ಕೆ ಬರುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನ ಉತ್ತರ ಉತ್ತರವಲ್ಲ. ಜರ್ಮನ್ ಶೈಕ್ಷಣಿಕ ವಿನಿಮಯ ಸೇವೆ, ಅಂದರೆ ಡಿ.ಎ.ಎ.ಡಿ. ಎಂಬ ಸಂಸ್ಥೆಯ ಕೋರ್ಸುಗಳ ಪಟ್ಟಿಯನ್ನು ಯಾರು ಬೇಕಾದರೂ ದುಡ್ಡಿಲ್ಲದೆ ನೋಡಬಹುದು.

ಇನ್ನು ತೋಟದ ಪ್ರಶ್ನೆಗೆ ಬರೋಣ.

ವೀಸಾ ಬಂದ ಮೇಲೆ ಹಣ ಹೊಂದಿಸೋಣ ಎಂಬುದು ಜರ್ಮನಿಯ ಮಟ್ಟಿಗೆ ಆಗುವುದಿಲ್ಲ. ಒಂದು ವರ್ಷದ ಜೀವನವೆಚ್ಚ ನಿಮ್ಮಲ್ಲಿದೆ ಎಂದು ತೋರಿಸಿದರೆ ಮಾತ್ರ ವೀಸಾ. ವಿದ್ಯಾರ್ಥಿವೇತನ ಇಲ್ಲದವರು ಸಾಮಾನ್ಯವಾಗಿ ಅನುಸರಿಸುವ ದಾರಿ ಬ್ಲಾಕ್ಡ್ ಅಕೌಂಟ್. ನಿಮ್ಮ ಹೆಸರಿನಲ್ಲಿ ಖಾತೆ ತೆರೆದು ಪೂರ್ತಿ ಹಣ ತುಂಬಬೇಕು. ನೀವು ಅಲ್ಲಿಗೆ ಹೋದ ಮೇಲೆ ತಿಂಗಳಿಗಿಷ್ಟು ಎಂದು ನಿಮಗೇ ಬಿಡುಗಡೆಯಾಗುತ್ತದೆ. ಈ ಮೊತ್ತ 2023ರ ಜನವರಿಯಲ್ಲಿ 11,208 ಯೂರೋ ಆಯಿತು, 2024ರ ಸೆಪ್ಟೆಂಬರಿನಲ್ಲಿ 11,904ಕ್ಕೆ ಏರಿತು. ಅಂದರೆ ತಿಂಗಳಿಗೆ 992. ಆಗಾಗ ಏರುವ ಅಂಕಿ ಇದು. ಅಣ್ಣ ಹೋದಾಗ ಇಷ್ಟಿತ್ತು ಎಂದು ನಂಬಿ ಕೂರದೆ, ಅರ್ಜಿ ಕೊಡುವ ದಿನದ ಮೊತ್ತವನ್ನು ದೂತಾವಾಸದ ಪ್ರಕಟಣೆಯಲ್ಲೇ ನೋಡಿ. ಯೂರೋಗೆ ನೂರು ರೂಪಾಯಿ ಎಂದು ಲೆಕ್ಕ ಹಾಕಿದರೂ ಸುಮಾರು ಹನ್ನೆರಡು ಲಕ್ಷ.

ಆದರೆ ಇದು ಮಂಜುಗಡ್ಡೆಯ ಗುಂಪಿಗೆ ಸೇರಿದ ಹಣ. ವೀಸಾ ನಿರಾಕರಣೆಯಾದರೆ ಆ ಪತ್ರ ತೋರಿಸಿ ಖಾತೆ ಮುಚ್ಚಬಹುದು. ಸೇವಾಶುಲ್ಕ, ಬ್ಯಾಂಕ್ ಶುಲ್ಕ, ವಿನಿಮಯ ದರದ ಏರಿಳಿತ ಇಷ್ಟು ಕಳೆದು ಉಳಿದದ್ದು ಹಿಂದಕ್ಕೆ ಬರುತ್ತದೆ. ಕಷ್ಟ ಇರುವುದು ಆ ಹಣ ಎಲ್ಲಿಂದ ಬಂತು ಎಂಬುದರಲ್ಲಿ.

ತೋಟವನ್ನೇ ಅಡ ಇಡುತ್ತೇನೆ ಎಂದರೆ, ಶಿಕ್ಷಣ ಸಾಲಕ್ಕೆ ಕೃಷಿ ಜಮೀನನ್ನು ಬ್ಯಾಂಕುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಸಾಲ ಮರುಪಾವತಿ ಆಗದಿದ್ದಾಗ ಅಡಮಾನದ ಆಸ್ತಿಯನ್ನು ನ್ಯಾಯಾಲಯಕ್ಕೆ ಹೋಗದೆ ವಶಪಡಿಸಿಕೊಳ್ಳಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಅವರು ಮನೆ, ನಿವೇಶನ, ಠೇವಣಿ ಕೇಳುತ್ತಾರೆ. ಹಳ್ಳಿಯ ಮನೆಯಾದರೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು ನಮೂನೆ 9 ಮತ್ತು 11, ಕ್ರಯಪತ್ರ, ಋಣಭಾರ ಪತ್ರ ಇವನ್ನು ಹೊಂದಿಸಬೇಕು. ಇದು ಒಂದೆರಡು ದಿನದ ಕೆಲಸವಲ್ಲ. ಬ್ಯಾಂಕ್ ತೋಟವನ್ನು ಒಪ್ಪಲಿಲ್ಲ, ಮನೆಯ ಕಾಗದ ಸರಿಯಿಲ್ಲ, ಸೆಮಿಸ್ಟರ್ ಹತ್ತಿರ ಬಂತು ಎನ್ನುವ ಆ ಗಡಿಬಿಡಿಯಲ್ಲೇ ತಂದೆಯಾದವರು ಬಡ್ಡಿ ವ್ಯವಹಾರದವರ ಮನೆ ಬಾಗಿಲಿಗೆ ಹೋಗುವುದು. ನಮ್ಮ ತಂದೆಯೂ ಹೋಗಿದ್ದು ಹಾಗೆಯೇ. ಹನ್ನೆರಡು ಲಕ್ಷಕ್ಕೆ ಬ್ಯಾಂಕಿನ ಬಡ್ಡಿ ವರ್ಷಕ್ಕೆ ಶೇಕಡಾ 10 ಎಂದಿಟ್ಟುಕೊಂಡರೆ ತಿಂಗಳಿಗೆ ಹತ್ತು ಸಾವಿರ. ನೂರಕ್ಕೆ ಮೂರರಂತೆ ಕೈಸಾಲ ತಂದರೆ ತಿಂಗಳಿಗೆ ಮೂವತ್ತಾರು ಸಾವಿರ. ಬರೆದು ಗೋಡೆಗೆ ಅಂಟಿಸಿ.

ಆದ್ದರಿಂದ ಸಾಲದ ಅರ್ಜಿಯನ್ನು ಪ್ರವೇಶಪತ್ರ ಬರುವ ಮುನ್ನವೇ ಬ್ಯಾಂಕಿನವರೊಡನೆ ಮಾತನಾಡಿ ಸಿದ್ಧಮಾಡಿಟ್ಟುಕೊಳ್ಳಬೇಕು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಏಳೂವರೆ ಲಕ್ಷದವರೆಗೆ ಆಸ್ತಿಯ ಭದ್ರತೆ ಬೇಡ. ಅದಕ್ಕೆ ಮೇಲ್ಪಟ್ಟರೆ ಬೇಕು. ವಿದೇಶ ವ್ಯಾಸಂಗವಾದರೆ ನಾಲ್ಕು ಲಕ್ಷ ದಾಟಿದ ಸಾಲಕ್ಕೆ ಶೇಕಡಾ 15ರಷ್ಟನ್ನು ನೀವು ಹಾಕಬೇಕು. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟುವ ಒತ್ತಾಯವಿಲ್ಲ, ಆದರೆ ಬಡ್ಡಿ ಓಡುತ್ತಿರುತ್ತದೆ. ಗಮನಿಸಬೇಕಾದ ಒಂದು ಅಂಶ: ಸಾಲ ಮಂಜೂರಾಗುವುದು ಬೇರೆ, ಬಿಡುಗಡೆಯಾಗುವುದು ಬೇರೆ. ಮಂಜೂರಾದ ಸಾಲಕ್ಕೆ ಬಡ್ಡಿ ಇಲ್ಲ. ಬಿಡುಗಡೆಯಾದ ದಿನದಿಂದ ಬಡ್ಡಿ.

ಈಗ ಹಾಸನದ ಆ ತಂದೆಗೆ ನನ್ನ ಉತ್ತರ. ಯಜಮಾನರೇ, ತೋಟವನ್ನು ಯಾರಿಗೂ ಅಡ ಇಡಬೇಡಿ. ಮನೆಯ ಕಾಗದಪತ್ರ ತೆಗೆದುಕೊಂಡು ಈಗಲೇ ಬ್ಯಾಂಕಿಗೆ ಹೋಗಿ ಸಾಲ ಮಂಜೂರು ಮಾಡಿಸಿಕೊಳ್ಳಿ. ಮಗಳ ಪ್ರವೇಶಪತ್ರದಲ್ಲಿ ಷರತ್ತು ಉಳಿದಿದ್ದರೆ ಅದು ಪೂರ್ತಿಯಾಗಲಿ, ಒಪ್ಪಿಗೆ ಕಳಿಸಿದ ಉತ್ತರ ಬರಲಿ, ಹೆಸರಿನ ತೊಡಕು, ಎ.ಪಿ.ಎಸ್. ಎಲ್ಲ ಮುಗಿಯಲಿ. ವೀಸಾ ಅರ್ಜಿಗೆ ಇನ್ನೆಲ್ಲ ದಾಖಲೆಯೂ ಕೈಯಲ್ಲಿದೆ ಎಂದಾದ ದಿನ ಹಣ ಬಿಡುಗಡೆ ಮಾಡಿಸಿ ಬ್ಲಾಕ್ಡ್ ಅಕೌಂಟಿಗೆ ಕಳಿಸಿ. ವೀಸಾ ಸಿಗದೆ ಹೋದರೂ ನಿಮಗೆ ಬೀಳುವುದು ಎರಡು ಮೂರು ತಿಂಗಳ ಬ್ಯಾಂಕ್ ಬಡ್ಡಿ ಮತ್ತು ಕೆಲವು ಶುಲ್ಕಗಳು. ಅದೂ ಸಣ್ಣದಲ್ಲ. ಆದರೆ ತೋಟ ನಿಮ್ಮದೇ ಆಗಿರುತ್ತದೆ.

ಸಾಲವಿಲ್ಲದೆ ಸ್ವಂತ ಹಣ ಕಳಿಸುವವರಿಗೆ ಒಂದು ಮಾತು. 2025ರ ಏಪ್ರಿಲಿನಿಂದ ವರ್ಷಕ್ಕೆ ಹತ್ತು ಲಕ್ಷ ರೂಪಾಯಿ ಮೀರಿ ವಿದೇಶಕ್ಕೆ ಕಳಿಸಿದಾಗ, ಮೀರಿದ ಭಾಗದ ಮೇಲೆ ಬ್ಯಾಂಕು ಟಿ.ಸಿ.ಎಸ್. ಎಂಬ ತೆರಿಗೆ ಹಿಡಿಯುವ ವ್ಯವಸ್ಥೆ ಬಂತು. ಬ್ಯಾಂಕಿನ ಶಿಕ್ಷಣ ಸಾಲದಿಂದ ಕಳಿಸುವ ಹಣಕ್ಕೆ ಅದನ್ನು ತೆಗೆದುಹಾಕಲಾಯಿತು. ಹಿಡಿದ ತೆರಿಗೆಯನ್ನು ಆದಾಯ ತೆರಿಗೆಯ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು, ಸಲ್ಲಿಸದವರಿಗೆ ಬರುವುದಿಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳು ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ, ನಮ್ಮ ರಾಜ್ಯದ ಪ್ರಬುದ್ಧ ಯೋಜನೆ ಇವೆರಡನ್ನೂ ವಿಚಾರಿಸಲೇಬೇಕು. ಸೀಟು ಸಿಕ್ಕ ಮೇಲೆ ನೋಡೋಣ ಎಂದು ಕಾದರೆ ಅವುಗಳ ಅರ್ಜಿಯ ದಿನಾಂಕ ದಾಟಿಹೋಗಿರುತ್ತದೆ.

ವೀಸಾದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಮೇಲಿನದೆಲ್ಲ ಸರಿಯಿದ್ದರೆ ಅದು ಕಾಗದ ಜೋಡಿಸುವ ಕೆಲಸ. ಬೆಂಗಳೂರಿನಲ್ಲೇ ಜರ್ಮನಿಯ ಪ್ರಧಾನ ದೂತಾವಾಸವಿದೆ. ಶುಲ್ಕ 75 ಯೂರೋ, ಇದು ಒಡೆದ ಹಾಲು. ಈ ಕೋರ್ಸನ್ನೇ ಏಕೆ ಆರಿಸಿಕೊಂಡಿರಿ ಎಂಬ ಪತ್ರವನ್ನು ದಯಮಾಡಿ ನೀವೇ ಬರೆಯಿರಿ. ಬೇರೆಯವರಿಂದ ಬರೆಸಿದ್ದಾದರೆ, ಅದರಲ್ಲಿರುವ ವಿಷಯವನ್ನೇ ಸಂದರ್ಶನದಲ್ಲಿ ಕೇಳಿದಾಗ ತಡವರಿಸುತ್ತೀರಿ. ನಿರಾಕರಣೆ ಬಂದರೆ ಅದೇ ಕಚೇರಿಗೆ ಮರುಪರಿಶೀಲನೆಯ ಮನವಿ ಸಲ್ಲಿಸುವ ಸೌಲಭ್ಯ ಮೊದಲಿತ್ತು. 2025ರ ಜುಲೈ 1ರಿಂದ ಅದನ್ನು ರದ್ದುಮಾಡಲಾಯಿತು. ಉಳಿದದ್ದು ಹೊಸದಾಗಿ ಅರ್ಜಿ ಹಾಕುವುದು, ಇಲ್ಲವೇ ಬರ್ಲಿನ್ನಿನ ನ್ಯಾಯಾಲಯಕ್ಕೆ ಹೋಗುವುದು. ಮೊದಲ ಅರ್ಜಿಯೇ ಪೂರ್ಣವಾಗಿರಬೇಕು ಎನ್ನುವುದಕ್ಕೆ ಬೇರೆ ಕಾರಣ ಬೇಕಿಲ್ಲ. ವಿಮಾನದ ಟಿಕೆಟ್ ವೀಸಾ ಕೈಗೆ ಬಂದ ಮೇಲೆ.

ವಸತಿಗೆ ಮಾತ್ರ ವೀಸಾವರೆಗೆ ಕಾಯಬೇಡಿ. ಪ್ರವೇಶಪತ್ರ ಬಂದ ದಿನವೇ ವಿದ್ಯಾರ್ಥಿ ನಿಲಯಗಳನ್ನು ನಡೆಸುವ ಸ್ಟುಡೀರೆಂಡೆನ್‌ವೆರ್ಕ್ ಎಂಬ ಸಂಸ್ಥೆಗೆ ಹೆಸರು ಬರೆಸಿ. ದೊಡ್ಡ ಊರುಗಳಲ್ಲಿ ಕಾಯುವವರ ಸಾಲು ಉದ್ದವಿದೆ. ಖಾಸಗಿ ಕೋಣೆಯಾದರೆ ಜಾಹೀರಾತಿನಲ್ಲಿ 'ತಣ್ಣನೆಯ ಬಾಡಿಗೆ', 'ಬೆಚ್ಚನೆಯ ಬಾಡಿಗೆ' ಎಂಬರ್ಥದ ಎರಡು ಪದ ಕಾಣುತ್ತೀರಿ. ತಣ್ಣನೆಯದೆಂದರೆ ಬರಿಯ ಕೋಣೆಗೆ. ಬೆಚ್ಚನೆಯದರಲ್ಲಿ ಕೋಣೆ ಕಾಯಿಸುವ ವೆಚ್ಚ, ನೀರು ಮುಂತಾದವು ಸೇರಿರುತ್ತವೆ. ಅಗ್ಗವೆಂದು ತಣ್ಣನೆಯದನ್ನು ನೋಡಿ ಹಿಗ್ಗಬೇಡಿ. ಮುಂಗಡ ಠೇವಣಿ ಮೂರು ತಿಂಗಳ ತಣ್ಣನೆಯ ಬಾಡಿಗೆಗಿಂತ ಹೆಚ್ಚು ಇರಕೂಡದೆಂದು ಅಲ್ಲಿನ ಕಾನೂನೇ ಇದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸವಾದವರಿಗೆ ಇದು ಸಂತೋಷದ ಸುದ್ದಿ. ಆದರೆ ಮಾಲೀಕ ಬೇರೆ ದೇಶದಲ್ಲಿದ್ದಾನೆ, ಹಣ ಕಳಿಸಿ, ಬೀಗದ ಕೈ ಅಂಚೆಯಲ್ಲಿ ಬರುತ್ತದೆ ಎಂದು ಯಾರಾದರೂ ಬರೆದರೆ ಅದು ಮೋಸ. ಕೋಣೆ ನೋಡದೆ, ಕರಾರು ಇಲ್ಲದೆ ಅಪರಿಚಿತರಿಗೆ ಠೇವಣಿ ಕಳಿಸಬೇಡಿ. ಮೊದಲ ಕೆಲವು ವಾರಕ್ಕೆ ತಾತ್ಕಾಲಿಕ ವಸತಿ ಮಾಡಿಕೊಂಡು, ಹೋದ ಮೇಲೆ ಹುಡುಕಿದರೂ ಆಗುತ್ತದೆ.

ಹೋದ ಮೇಲಿನ ಕೆಲಸಗಳು ಬೇಗ ಬೇಗ. ಮನೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಮಾಲೀಕರ ದೃಢೀಕರಣ ಪತ್ರ ಬೇಕು. ಆರೋಗ್ಯ ವಿಮೆ ಇಲ್ಲದೆ ವಿಶ್ವವಿದ್ಯಾಲಯ ನೋಂದಣಿ ಮಾಡಿಕೊಳ್ಳುವುದಿಲ್ಲ. ಮೂವತ್ತು ವರ್ಷದೊಳಗಿನವರಿಗೆ ವಿದ್ಯಾರ್ಥಿ ದರವಿದೆ. ಆಮೇಲೆ ವಿದೇಶೀಯರ ಕಚೇರಿಯಲ್ಲಿ ವಾಸದ ಪರವಾನಗಿ. 2024ರ ಮಾರ್ಚ್ ತಿಂಗಳಿನಿಂದ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ಅವಕಾಶವಾಯಿತು. ಒಳ್ಳೆಯದೇ. ಆದರೆ ಮೊದಲ ಸೆಮಿಸ್ಟರಿನ ಖರ್ಚಿನ ಲೆಕ್ಕದಲ್ಲಿ ಆ ಸಂಪಾದನೆಯನ್ನು ಸೇರಿಸಬೇಡಿ. ಓದು, ಭಾಷೆ, ಚಳಿ ಮೂರೂ ಒಟ್ಟಿಗೆ ಮೇಲೆ ಬೀಳುವ ಕಾಲ ಅದು.

ಇನ್ನೊಂದು ಖರ್ಚನ್ನು, ನಾನು ದೂರದರ್ಶನದವನಾದ್ದರಿಂದ, ಹೇಳದೆ ಬಿಡಲಾರೆ. ಜರ್ಮನಿಯಲ್ಲಿ ಪ್ರತಿ ಮನೆಯೂ ಸಾರ್ವಜನಿಕ ರೇಡಿಯೋ ಮತ್ತು ದೂರದರ್ಶನಕ್ಕೆಂದು ತಿಂಗಳಿಗೆ ಹದಿನೆಂಟು ಯೂರೋಗಿಂತ ಸ್ವಲ್ಪ ಹೆಚ್ಚು ವಂತಿಗೆ ಕೊಡಬೇಕು, ಮನೆಯಲ್ಲಿ ಟಿ.ವಿ. ಇಲ್ಲದಿದ್ದರೂ ಸರಿ. ನಮ್ಮಲ್ಲೂ ಹಿಂದೆ ರೇಡಿಯೋಗೆ ಲೈಸೆನ್ಸ್ ಇತ್ತು, ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಪುಸ್ತಕದಲ್ಲಿ ಮುದ್ರೆ ಹಾಕಿಸಬೇಕಿತ್ತು, ನಿಮ್ಮ ಅಜ್ಜನನ್ನು ಕೇಳಿ. ವಿಳಾಸ ನೋಂದಾಯಿಸಿದ ಕೆಲ ದಿನಕ್ಕೆ ಈ ಕುರಿತ ಪತ್ರ ಬಂದಾಗ ಮೋಸದ ಪತ್ರವೆಂದು ಎಸೆಯಬೇಡಿ. ಒಂದೇ ಮನೆಯಲ್ಲಿ ನಾಲ್ಕು ಮಂದಿ ಇದ್ದರೆ ನಾಲ್ವರೂ ಸೇರಿ ಒಂದೇ ವಂತಿಗೆ.

ಕೊನೆಗೆ, ಪ್ರವೇಶವೇ ಸಿಗದವರ ಬಗ್ಗೆ. ಕ್ಷಮಿಸಿ ಎಂಬ ಪತ್ರ ಬಂದ ದಿನ ಊಟ ಸೇರುವುದಿಲ್ಲ, ನನಗೆ ಗೊತ್ತು. ಆದರೆ ಆ ಪತ್ರದಿಂದ ನಿಮ್ಮ ಟ್ರಾನ್ಸ್‌ಕ್ರಿಪ್ಟ್ ಹಾಳಾಗುವುದಿಲ್ಲ, ಎ.ಪಿ.ಎಸ್. ಪತ್ರ ಹಾಳಾಗುವುದಿಲ್ಲ, ಕಲಿತ ಜರ್ಮನ್ ಮರೆತುಹೋಗುವುದಿಲ್ಲ. ಬೇಸಿಗೆಯ ಸೆಮಿಸ್ಟರಿಗೆ ಯಾವ ಕೋರ್ಸುಗಳು ತೆರೆದಿವೆ ನೋಡಿ. ಅವು ಚಳಿಗಾಲದವಕ್ಕಿಂತ ಕಡಿಮೆ, ಆದರೆ ಇವೆ. ಸ್ಥಾನ ಸಿಕ್ಕಿಯೂ ಹಣ ಹೊಂದದೆ ಈ ವರ್ಷ ಬೇಡವೆಂದು ಮನೆಯವರು ನಿರ್ಧರಿಸಿದರೆ, ಅಪ್ಪನ ಮೇಲೆ ಮುನಿಸಿಕೊಳ್ಳುವ ಮುನ್ನ ಅವರ ಜೊತೆ ಕುಳಿತು ಮೇಲಿನ ಲೆಕ್ಕವನ್ನು ಒಮ್ಮೆ ಬರೆದು ನೋಡಿ. ಸ್ಥಾನವನ್ನು ಮುಂದಿನ ಸೆಮಿಸ್ಟರಿಗೆ ಕಾಯ್ದಿರಿಸುತ್ತೀರಾ ಎಂದು ವಿಶ್ವವಿದ್ಯಾಲಯಕ್ಕೆ ಒಂದು ಪತ್ರ ಬರೆಯಿರಿ. ಹೆಚ್ಚಿನವರು ಇಲ್ಲ ಎನ್ನುತ್ತಾರೆ. ಹೌದು ಎಂದವರೂ ಇದ್ದಾರೆ, ಕೇಳುವುದಕ್ಕೆ ಶುಲ್ಕವಿಲ್ಲ.

ಸಮಯವಾಯಿತು. ಗಾಜಿನ ಆಚೆಯಿಂದ ಈ ಸಲ ನನಗೇ ಸಂಜ್ಞೆ ಬರುತ್ತಿದೆ. ನಮಸ್ಕಾರ.